ಸೋದರತ್ತೆಯ ಕೈಕೆಲಸ
ರಜೆ ಹತ್ತಿರವಾಯಿತೆಂದರೆ ನಮ್ಮ ಮನೆಯಲ್ಲಿ ಹರಿಯದ ಬಟ್ಟೆಗಳೆಲ್ಲ ಬೀರುವಿನೊಳಗೆ ಅಡಗುತ್ತವೆ, ಏಕೆಂದರೆ ಸೋದರತ್ತೆ ಬರುತ್ತಾಳೆ. "ಅಯ್ಯೋ, ಇದನ್ನ ಎಸೀತೀರಾ?" ಎಂದು ಅವಳು ಎತ್ತಿಕೊಂಡ ಪ್ಯಾಂಟು ಚೀಲವಾಗುತ್ತದೆ, ಚೀಲ ದಿಂಬಾಗುತ್ತದೆ, ದಿಂಬು ಮುಂದೇನಾಗುವುದೋ ದೇವರೇ ಬಲ್ಲ. ರಜೆಯ ಮೊದಲ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ಕೂರಿಸಿ ಉಡುಗೊರೆ ಹಂಚುತ್ತಾಳೆ. ಹಳೆಯ ಸಿ.ಡಿ.ಯಿಂದ ಅವಳು ಅಪ್ಪನಿಗೆ ಮಾಡಿಕೊಟ್ಟ ಗಡಿಯಾರದ ಎರಡೂ ಮುಳ್ಳುಗಳು ಜೊತೆಬಿಡದ ದಂಪತಿಗಳಂತೆ ಒಟ್ಟಿಗೇ ತಿರುಗುತ್ತವೆ. ಚಿಕ್ಕಮ್ಮನ ಹೂದಾನಿ ಮೊದಲು ಶಾಂಪೂ ಬಾಟಲಿಯಾಗಿತ್ತು, ನೀರು ಹಾಕಿದರೆ ಈಗಲೂ ನೊರೆ ಬರುತ್ತದೆ. "ಇಂಥದ್ದು ಯಾವ ಅಂಗಡೀಲೂ ಸಿಗಲ್ಲ" ಎನ್ನುತ್ತಾಳೆ ಅತ್ತೆ, ಅದಂತೂ ನಿಜ. ನಾವು ಹಲ್ಲು ಕಿರಿದು ಹೊಗಳಿ, ಅವಳ ಬಸ್ಸು ತಿರುವು ದಾಟುವ ಮೊದಲೇ ಎಲ್ಲವನ್ನೂ ಅಟ್ಟಕ್ಕೆ ಏರಿಸುತ್ತೇವೆ. ಈ ಸಲ ಅಣ್ಣನ ಹೊಸ ಹೆಂಡತಿ, ನಮ್ಮ ಮನೆಯ ಮರ್ಯಾದೆಗಳನ್ನು ಇನ್ನೂ ಕಲಿಯದವಳು, "ನಿಮಗೆ ಯಾರೂ ಏನೂ ಕೊಡಲ್ವಾ?" ಎಂದು ಕೇಳಿಯೇಬಿಟ್ಟಳು. ನಾವೆಲ್ಲ ನೆಲ ನೋಡಿದೆವು. ಅತ್ತೆ ಮಾತ್ರ ಮುಖ ಅರಳಿಸಿ, ಅಪ್ಪನತ್ತ ಕಣ್ಣು ಹಾಯಿಸಿ, ಮೂಗಿನ ಮೇಲಿನ ಕನ್ನಡಕ ಮುಟ್ಟಿ ತೋರಿಸಿದಳು. "ಯಾಕೆ ಕೊಡಲ್ಲಮ್ಮ? ಇದು ನಿಮ್ಮ ಮಾವ ಕೊಟ್ಟಿದ್ದು, ಅವರು ಹೊಸದು ತಗೊಂಡಾಗ. ನನ್ನ ಕಣ್ಣಿಗೆ ಸ್ವಲ್ಪ ಮಸುಕು, ಅಷ್ಟೇ."