ಗ್ಯಾಸಿಗೂ ಒಂದು ಕೊಸರು

ಒಣದ್ರಾಕ್ಷಿ ತೂಗುವ ತಕ್ಕಡಿಯಲ್ಲಿ ಗ್ಯಾಸ್ ತೂಗಿದ್ದನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಈ ಬೇಸಿಗೆಯ ಶುರುವಿನಲ್ಲಿ, ಅಥಣಿ ಹತ್ತಿರ ನಮ್ಮ ಕಾಕಾನ ತೋಟದ ಮನೆಯಲ್ಲಿ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಅವನ ಮಗಳು ಸುಜಾತಾಳನ್ನು ಬೆಳಗಾವಿಗೆ ಕೊಟ್ಟಿದ್ದೇವೆ. ಅವಳಾಗ ಚೊಚ್ಚಲ ಬಸುರಿ. ಮೊದಲ ಬಾಣಂತನ ತವರಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೀಗತಿ ಎರಡನೆಯ ಮಾತು ಆಡಿಬಿಟ್ಟರು.

"ನಿಮ್ಮ ಅಥಣಿ ಬಿಸಲಾಗ ನಮ್ಮ ಸೊಸೀನ್ನ ಕಳಸಂಗಿಲ್ರಿ. ಬಾಣಂತನ ಇಲ್ಲೇ ಬೆಳಗಾವ್ಯಾಗ ಆಗ್ಲಿ."

ಚಿಗವ್ವ (ಕಾಕಾನ ಹೆಂಡತಿ) ಅಡುಗೆಮನೆಯಲ್ಲಿ ಕುಳಿತು ಅತ್ತಳು. ಕಾಕಾ ಅಳುವ ಪೈಕಿ ಅಲ್ಲ. ಮಿರಜಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಏಸಿ ತಂದು ಮಗಳ ಕೋಣೆಯ ಕಿಟಕಿಗೆ ಕೂರಿಸಿದ. "ರವಿವಾರ ಬಂದು ಕೋಣಿ ನೋಡ್ರಿ, ಆಮ್ಯಾಲ ಮಾತಾಡೂಣು" ಎಂದು ಬೀಗತಿಗೆ ಹೇಳಿಕಳಿಸಿದ.

ಶನಿವಾರ ಏಸಿ ಕೈಕೊಟ್ಟಿತು. ಸದ್ದು ಇದೆ, ಗಾಳಿ ಇದೆ, ತಂಪು ಮಾತ್ರ ಇಲ್ಲ.

ರವಿವಾರ ಬೆಳಿಗ್ಗೆ ನಿಪ್ಪಾಣಿಯಿಂದ ಬಾಳೂ ಮಿಸ್ತ್ರಿ ಜೀಪಿನಲ್ಲಿ ಬಂದಿಳಿದ. ಮಾತು ಅರ್ಧ ಮರಾಠಿ, ಅರ್ಧ ಕನ್ನಡ, ಪೂರ್ತಿ ಜೋರು.

"ಗ್ಯಾಸ್ ಹೋಗೇತಿ. ತುಂಬಿ ಬಿಡ್ರಿ, ಮುಗೀತು" ಎಂದ ಕಾಕಾ.

"ಅಹೋ ಕಾಕಾ, ತೂತಿನ ಕೊಡಾ ತುಂಬ್ತಾರೇನ್ರಿ ಯಾರರೆ? ಮದ್ಲ ತೂತು ಹುಡುಕೂಣು!"

ಸಾಬೂನಿನ ನೊರೆ ಮಾಡಿ ಪೈಪಿನ ಜೋಡಣೆಗಳಿಗೆಲ್ಲ ಹಚ್ಚಿದ. ಒಂದು ಕಡೆ ಗುಳ್ಳೆ ಎದ್ದಿತು. ಉಳಿದಿದ್ದ ಗ್ಯಾಸನ್ನು ಖಾಲಿ ಸಿಲಿಂಡರಿಗೆ ಎಳೆದುಕೊಂಡು, ಮಷಿನ್ನನ್ನು ಹಿತ್ತಲಿಗೆ ಹೊರಿಸಿ ಬೆಸುಗೆ ಹಾಕಿದ. ಮತ್ತೆ ಕಿಟಕಿಗೆ ಕೂರಿಸಿ, ಪಂಪು ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಎಳೆಸಿದ. ಒಳಗೆ ನೀರಿನ ಪಸೆ ಕೂಡ ಇರಬಾರದಂತೆ. ಆಮೇಲೆ ಬಾಗಿಲು, ಕಿಟಕಿ ತೆರೆಸಿ, ಕನ್ನಡಕ, ಚರ್ಮದ ಕೈಗವಸು ಏರಿಸಿಕೊಂಡ. ಗ್ಯಾಸ್ ಮೈಗೆ ಚಿಮ್ಮಿದರೆ ಚರ್ಮವೇ ಹೆಪ್ಪುಗಟ್ಟುತ್ತದಂತೆ.

ಅಷ್ಟರಲ್ಲಿ ಚಿಗವ್ವ ಬಂದಳು. ಕೈಯಲ್ಲಿ ಆರತಿ ತಟ್ಟೆ, ಉರಿಯುವ ಕರ್ಪೂರ. ಟ್ರ್ಯಾಕ್ಟರ್ ಬಂದಾಗ ಪೂಜೆ ಮಾಡಿದವರು ಏಸಿಗೆ ಬಿಡುತ್ತಾರೆಯೇ?

"ಬೆಂಕಿ ಹೊರಗ ಒಯ್ರಿ!" ಮಿಸ್ತ್ರಿ ಕಿರುಚಿದ. "ಈ ಗ್ಯಾಸಿಗೆ ಉರಿ ತಾಗಿದ್ರ ವಿಷಾ ಆಗ್ತೈತ್ರಿ!"

"ಈಗ ಹಿತ್ತಲದಾಗ ನೀವ ಬೆಂಕಿ ಹಚ್ಚಿದ್ರೆಲ್ಲಾ? ನಾವು ಹಚ್ಚಿದ್ರ ಅಷ್ಟ ತಪ್ಪೇನು?"

"ಆವಾಗ ಅದರ ಹೊಟ್ಟಿ ಖಾಲಿ ಇತ್ರಿ, ಅವ್ವಾರ!"

ಚಿಗವ್ವ ಅಂಗಳದಿಂದಲೇ ಏಸಿಯ ಬೆನ್ನಿಗೆ ಆರತಿ ಎತ್ತಿ ಒಳಗೆ ಹೋದಳು.

ಈಗ ತಕ್ಕಡಿ ಬಂತು. ಎಷ್ಟು ಗ್ಯಾಸ್ ಬೇಕೆಂದು ಮಷಿನ್ನಿನ ಮೇಲೆಯೇ ಬರೆದಿರುತ್ತದೆ. ಸಿಲಿಂಡರನ್ನು ನೆಟ್ಟಗೆ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಕಲ್ಲುಗಳನ್ನಿಟ್ಟು ಸರಿದೂಗಿಸಿದ. ಆಮೇಲೆ ಬೇಕಾದ ಗ್ಯಾಸಿನಷ್ಟು ಕಲ್ಲು ತೆಗೆದು, ಏಸಿ ಚಾಲೂ ಮಾಡಿ ವಾಲ್ವ್ ತೆರೆದ. ಗ್ಯಾಸ್ ಮಷಿನ್ನಿಗೆ ಹೋದಂತೆ ಸಿಲಿಂಡರ್ ಹಗುರಾಗಿ ಮೇಲೇಳುತ್ತದೆ. ಮುಳ್ಳು ನಡುವೆ ಬಂತು. ಕೋಣೆಯಲ್ಲಿ ತಂಪು ಗಾಳಿ ಹರಿಯಿತು. ಮಿಸ್ತ್ರಿ ವಾಲ್ವ್ ಮುಚ್ಚಲು ಕೈ ಹಾಕಿದ.

"ಕೊಸರು?" ಎಂದ ಕಾಕಾ.

"ಕಾಯ್? ಏನಂದ್ರಿ?"

"ತೂಕ ಸರಿ ಆತು, ಖರೆ. ಮ್ಯಾಲ ಕೊಸರು ಹಾಕ್ರಿ. ನಮ್ಮ ತಕ್ಕಡ್ಯಾಗ ಕೊಸರಿಲ್ದ ದ್ರಾಕ್ಷಿ ಸುದ್ದಾ ಕೊಟ್ಟಿಲ್ಲ ನಾವು."

ಮಿಸ್ತ್ರಿ ಬೇಡವೆಂದು ಬಡಿದುಕೊಂಡ. ಆದರೆ ನಮ್ಮ ಮನೆಯಲ್ಲಿ ಬೇಡ ಅಂದವರು ಗೆದ್ದದ್ದು ಯಾವಾಗ? ಕಾಕಾನ ಮಾತಿಗೊಂದು ಕೊಸರು ಬಿತ್ತು. ಒಳಗಿನಿಂದ ಚಿಗವ್ವ ಕೂಗಿದಳು, "ಮಗಳ ಕೋಣಿರೀ, ನಂದೂ ಒಂದು ಹಾಕ್ರಿ!" ಅದೂ ಬಿತ್ತು. "ಬಸ್ ಝಾಲಾ ಕಾಕಾ, ಬಸ್!" ಎನ್ನುತ್ತ ಮಿಸ್ತ್ರಿ ಹೋಳಿಗೆ ಊಟಕ್ಕೆ ಕುಳಿತ. ಅಲ್ಲಿಯೂ ಅವನ 'ಬಸ್' ನಡೆಯಲಿಲ್ಲ.

ಬೀಗತಿಯ ಕಾರು ಅಂಗಳಕ್ಕೆ ಬರುವುದಕ್ಕೂ ಏಸಿ ಗೊರಗೊರ ಎನ್ನುವುದಕ್ಕೂ ಸರಿಹೋಯಿತು. ತಂಪಿದ್ದ ಗಾಳಿ ಉಗುರುಬೆಚ್ಚಗಾಯಿತು. ಕಂಪ್ರೆಸರ್ ಬಿಸಿಯಾಗಿ ಕಟ್ ಆಯಿತು. ಚಿಗವ್ವನ ಮುಖ ನೋಡಲಾಗಲಿಲ್ಲ. ಮಗಳು ಬರುತ್ತಾಳೋ ಇಲ್ಲವೋ ಎಂಬುದೆಲ್ಲ ಆ ಡಬ್ಬಿಯೊಳಗಿತ್ತು.

"ಹೊಟ್ಟಿ ಬಿರಿಯೂ ಹಂಗ ತಿನ್ಸಿ ಕೆಲಸಾ ಮಾಡಂದ್ರ ಹೆಂಗ ಮಾಡ್ತೈತ್ರಿ?" ಮಿಸ್ತ್ರಿ ಕೈ ತೊಳೆಯದೆ ಓಡಿ ಬಂದ. (ಏಸಿಯ ಹೊಟ್ಟೆಯ ಬಗ್ಗೆ ಹೇಳಿದನೋ, ತನ್ನ ಹೊಟ್ಟೆಯ ಬಗ್ಗೆಯೋ, ಗೊತ್ತಾಗಲಿಲ್ಲ.) "ಹೆಚ್ಚಿಂದು ಇಳಸ್ತೇನು. ಅಲ್ಲೀತನಕ ಅವರನ್ನ ಒಳಗ ಬಿಡಬ್ಯಾಡ್ರಿ!"

ಕಾಕಾ ಏನು ಮಾಡಿದ ಗೊತ್ತೆ? ಬಿಸಿಲು ತಾಳದ ಬೀಗತಿಯನ್ನು ಆ ಉರಿಬಿಸಿಲಲ್ಲೇ ತೋಟ ತೋರಿಸಲು ಕರೆದುಕೊಂಡು ಹೋದ. ದ್ರಾಕ್ಷಿ ಬಳ್ಳಿಗಳ ಪಡ, ಕಬ್ಬು, ಬಾವಿ, ಎಮ್ಮೆ, ಕೊನೆಗೆ ಗೊಬ್ಬರದ ಗುಂಡಿಯನ್ನೂ ಬಿಡಲಿಲ್ಲ. "ಕೋಣಿ ಎಲ್ಲೈತ್ರಿ ಬೀಗರ?" ಎಂದು ಅವರು ಕೇಳುತ್ತಲೇ ಇದ್ದರು. ಇತ್ತ ಮಿಸ್ತ್ರಿ ಕೊಸರುಗಳನ್ನು ಇನ್ನೊಂದು ಖಾಲಿ ಸಿಲಿಂಡರಿಗೆ ಇಳಿಸಿ, ತೂಗಿ, ಮಷಿನ್ ತಣಿಯುವವರೆಗೆ ಕಾದು ಮತ್ತೆ ಚಾಲೂ ಮಾಡಿದ. ಕೆಂಪಗೆ ಕಾದು ಬಂದ ಬೀಗತಿ ತಂಪು ಕೋಣೆಗೆ ಕಾಲಿಟ್ಟವರೇ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದರು.

"ಕಳಸ್ತೇನ್ರಿ" ಎಂದರು. ಚಹಾ ಬಂದರೂ ಏಳಲಿಲ್ಲ.

ಸುಜಾತಾ ಬಂದಳು. ಗಂಡು ಮಗು. ತಾಯಿ, ಕೂಸು ಆರಾಮ. ಹೋದ ವಾರ ನೋಡಲು ಹೋಗಿದ್ದೆ. ತಂಪಾಗಿ ಕೂರೋಣ ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ?

ಕೋಣೆಯ ಪರದೆ ಸರಿಸಿದರೆ ಮುಖಕ್ಕೆ ಬಿಸಿ ಹಬೆ ಬಡಿಯಿತು! ಬಾಣಂತಿಯ ತಲೆಗೆ, ಕಿವಿಗೆ ಬಿಗಿಯಾಗಿ ಸುತ್ತಿದ ಬಟ್ಟೆ. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಗೆ, ಅಜವಾನದ ಹೊಗೆ. ಏಸಿಗೆ ಚಂದದ ಕಸೂತಿ ಹೊದಿಕೆ ಹಾಕಿತ್ತು. ಮೊಮ್ಮಗನನ್ನು ನೋಡಲು ಬೆಳಗಾವಿಯಿಂದ ಬಂದ ಬೀಗತಿ ಒಂದು ಮೂಲೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಕುಳಿತಿದ್ದರು.

ಕಾಕಾ ಹೊಸ್ತಿಲಲ್ಲಿ ನಿಂತು ಮೆಲ್ಲಗೆ ಕೇಳಿದ, "ಏಸಿ ಒಂದೀಟ ಹಚ್ಚಲೇನು?"

"ಬಾಣಂತಿಗಿ ಥಂಡಿ ಹತ್ತಿದ್ರ ಜಲ್ಮದಾಗ ಸೊಂಟಾ ನೆಟ್ಟಗ ಆಗಂಗಿಲ್ಲ. ಸುಮ್ಮ ಹೋಗ್ರಿ!" ಎಂದಳು ಚಿಗವ್ವ.

"ಖರೆ ಐತ್ರಿ" ಎಂದರು ಬೀಗತಿ.

ಅಥಣಿಯ ಬಿಸಿಲನ್ನು ಗೆದ್ದ ಏಸಿ ಒಂದು ಅಗ್ಗಿಷ್ಟಿಗೆಯ ಮುಂದೆ ಹೀಗೆ ಸೋಲುವುದಾದರೆ, ನೀವೇ ಹೇಳಿ, ಬಾಳೂ ಮಿಸ್ತ್ರಿಯನ್ನು ಕರೆಸಿ ಇನ್ನು ರಿಪೇರಿ ಮಾಡಿಸಬೇಕಾದದ್ದು ಯಾವುದನ್ನು?