ಪಿಸ್ತೂಲಿನ ಸೈಟ್‌ಗೆ ಇಟ್ಟ ಕುಂಕುಮ

ಪಿಸ್ತೂಲು ಅಂದರೆ ನನಗೆ ಗೊತ್ತಿದ್ದದ್ದು ದೀಪಾವಳಿಗೆ ಮಕ್ಕಳು ರೀಲು ಹಾಕಿ ಟಪ್ ಟಪ್ ಅನ್ನಿಸುವ ತಗಡಿನದು ಮಾತ್ರ. ಅಂಥವಳು ಈಗ ಸೈಟ್ ಅಂದರೇನು, ಅದನ್ನು ಯಾಕೆ ಬದಲಾಯಿಸುತ್ತಾರೆ ಅಂತ ಫೋನ್ ಮಾಡಿದವರಿಗೆಲ್ಲ ಪಾಠ ಹೇಳುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಬಾಯಿ ಇದು, ಹೊಸದೊಂದು ತಿಳಿಯಿತೆಂದರೆ ಸುಮ್ಮನಿರುವುದಿಲ್ಲ. ಅದೂ ಮೊಮ್ಮಗಳ ವಿಷಯವಾದರೆ ಕೇಳಲೇಬೇಡಿ.

ಮೊಮ್ಮಗಳು ಮಾನಸ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಸ್ವೀಡನ್ನಿನಲ್ಲಿ. ನನ್ನ ಮಗಳು ನಾಗವೇಣಿ ಫ್ಲೆಮಿಂಗ್ಸ್‌ಬೆರ್ಯ್ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ನಮ್ಮ ಕಡೆ ಹುಡುಗಿಯರು ಶಟಲ್ ಆಡಲು ಹೋದಂತೆ ಮಾನಸ ಪಿಸ್ತೂಲು ಕ್ಲಬ್ಬಿಗೆ ಹೋಗುತ್ತಾಳೆ. ಪೊಲೀಸರ ಲೈಸೆನ್ಸ್ ಇದೆ, ಪಿಸ್ತೂಲಿಗೆ ಉಕ್ಕಿನ ಬೀರು ಇದೆ. ನನ್ನ ಮದುವೆಯ ಒಡವೆಗೂ ಅಂಥ ಬೀಗ ಇರಲಿಲ್ಲ. ಅವಳು ಒಂದೇ ಕೈ ಚಾಚಿ, ಇನ್ನೊಂದು ಕೈ ಜೇಬಿಗಿಟ್ಟು ನಿಲ್ಲುವುದನ್ನು ಮೊದಲ ಸಲ ನೋಡಿದಾಗ ನನಗೆ ಉಸಿರಾಡುವುದೇ ಮರೆತುಹೋಗಿತ್ತು. ಹೆಮ್ಮೆಯೋ ಹೆದರಿಕೆಯೋ ಇವತ್ತಿಗೂ ಬಿಡಿಸಿ ಹೇಳಲಾರೆ.

ಹೋದ ವರ್ಷ ಅವಳು ಕ್ಲಬ್ಬಿನ ತಂಡಕ್ಕೆ ಸೇರುವುದು ಒಂದು ಕೂದಲೆಳೆಯಲ್ಲಿ ತಪ್ಪಿತ್ತಂತೆ. ಈ ಸಲ ಆಯ್ಕೆಯಾದರೆ ತಂಡದ ಜೊತೆ ಮಾಲ್ಮೋಗೆ ಪಂದ್ಯಕ್ಕೆ ಹೋಗಬಹುದು. ಆಯ್ಕೆ ಭಾನುವಾರ. ಅದೇ ವಾರ ಇವಳು ಪಿಸ್ತೂಲಿನ ಸೈಟ್ ಬದಲಾಯಿಸಬೇಕೆಂದು ಕೂತಳು.

ಸೈಟ್ ಅಂದರೆ ದೊಡ್ಡದೇನಲ್ಲ. ಪಿಸ್ತೂಲಿನ ಮೂತಿಯ ಮೇಲೆ ಹೆಸರುಕಾಳಿನಷ್ಟು ಒಂದು ಉಬ್ಬು, ಹಿಂದೆ ನಡುವೆ ಕಚ್ಚು ಬಿಟ್ಟ ಒಂದು ಪಟ್ಟಿ. ಹಿಂದಿನ ಕಚ್ಚಿನಲ್ಲಿ ಮುಂದಿನ ಉಬ್ಬು ಸಮನಾಗಿ ಕೂತಂತೆ ಕಂಡರೆ ಗುರಿ ಸರಿ. ಕಂಪನಿಯವರು ಕೂರಿಸಿ ಕಳಿಸಿದ್ದಕ್ಕೆ ಬಿಳಿ ಚುಕ್ಕಿಗಳಿದ್ದವು, ಆಚೀಚೆ ಸರಿಹೊಂದಿಸಲು ಬರುತ್ತಿರಲಿಲ್ಲ. ಚುಕ್ಕಿ ನೋಡಿ ನೋಡಿ ಕಣ್ಣು ಸೋಲುತ್ತದೆ ಅಂತ ಮಾನಸನ ದೂರು. ಹೊಸದು ಪೂರ್ತಿ ಕಪ್ಪು, ತಿರುಗಿಸುವ ಸ್ಕ್ರೂ ಬೇರೆ ಇದೆ.

"ಭಾನುವಾರ ಸೆಲೆಕ್ಷನ್ ಇಟ್ಕೊಂಡು ಯಾರಾದ್ರೂ ಈ ಕೆಲಸಕ್ಕೆ ಕೈ ಹಾಕ್ತಾರೇನೇ? ಹಳೇದಕ್ಕೇ ಕೈ ಪಳಗಿದೆ," ಅಂದಳು ನಾಗವೇಣಿ.

"ಹಳೇದ್ರಲ್ಲೇ ಅಲ್ವಾ ಅಮ್ಮ ಹೋದ್ವರ್ಷ ಸೋತಿದ್ದು."

ಮಾನಸ ಗುಂಡು ತುಂಬುವ ಮ್ಯಾಗಜೀನ್ ತೆಗೆದು, ಪಿಸ್ತೂಲಿನ ಮೇಲ್ಭಾಗವನ್ನು ಮಾತ್ರ ಬಿಚ್ಚಿ, ಅಡುಗೆಮನೆ ಮೇಜಿಗೆ ಬಿಗಿದ ವೈಸಿನ ದವಡೆಯಲ್ಲಿ ಕಚ್ಚಿಸಿದಳು. ಹಿತ್ತಾಳೆ ಕಡ್ಡಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಟಕ್, ಟಕ್. ಹಳೆಯದು ಇಷ್ಟಿಷ್ಟೇ ಸರಿಯಿತು. ಒಂದೊಂದು ಏಟಿಗೂ ನನ್ನ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಹೊಸದನ್ನು ಕೂರಿಸಿದ ಮೇಲೆ ಒಂದು ಕಣ್ಣು ಮುಚ್ಚಿ ನೋಡಿದಳು. ಲೋಕದಲ್ಲಿ ಒಂದು ಕಣ್ಣು ಮುಚ್ಚಿಕೊಂಡೇ ಮಾಡಬೇಕಾದ ಕೆಲಸಗಳು ಎಷ್ಟಿವೆ ಅಂತ ನನಗೆ ಆಗ ಯೋಚನೆ ಬಂತು. ಬಡಗಿ ಹಲಗೆಯ ಅಂಚು ನೋಡುವುದು, ನಾನು ಸೂಜಿಗೆ ದಾರ ಪೋಣಿಸುವುದು, ಹುಡುಗರ ಗೋಲಿಯಾಟ. ಗಂಡನ ಜೊತೆ ಸಂಸಾರ ಮಾಡುವುದನ್ನೂ ಸೇರಿಸಬಹುದು.

ಅವತ್ತು ಆಯುಧಪೂಜೆ. ಬೆಳಿಗ್ಗೆಯೇ ಕಾರು, ಮಿಕ್ಸಿ, ಕಂಪ್ಯೂಟರ್ ಎಲ್ಲಕ್ಕೂ ಅರಿಶಿನ ಕುಂಕುಮ ಆಗಿತ್ತು. ಮಾನಸ ಕೈಗೆ ಅಂಟಿದ ಎಣ್ಣೆ ತೊಳೆಯಲು ಸಿಂಕಿನ ಕಡೆ ತಿರುಗಿದಳು. ಕಣ್ಣೆದುರಿಗೆ ಮನೆಯಲ್ಲಿರುವ ಒಂದೇ ಒಂದು ನಿಜವಾದ ಆಯುಧ. ಬಿಟ್ಟರೆ ಹೇಗೆ? ಕಲಸಿದ ಕುಂಕುಮವನ್ನು ಬೆರಳ ತುದಿಯಲ್ಲಿ ತೆಗೆದು, ಎಲ್ಲಕ್ಕಿಂತ ಎತ್ತರದಲ್ಲಿದ್ದ ಆ ಕಪ್ಪು ಉಬ್ಬಿಗೇ ಭಕ್ತಿಯಿಂದ ಇಟ್ಟೆ.

"ಅಜ್ಜಿ, ಏನ್ಮಾಡಿದ್ರಿ?"

ಎಡವಟ್ಟಾಯಿತೆಂದು ಅವಳ ದನಿ ಕೇಳಿಯೇ ಗೊತ್ತಾಯಿತು. ಆ ಉಬ್ಬಿನ ಬೆನ್ನಿಗೆ ಬೆಳಕು ಹೊಳೆಯದಿರಲೆಂದು ಸಣ್ಣ ಸಣ್ಣ ಗೀರು ಹಾಕಿರುತ್ತಾರೆ, ಕುಂಕುಮ ಎಣ್ಣೆಯ ಜೊತೆ ಸೇರಿ ಅದರೊಳಗೆಲ್ಲ ಇಳಿದಿತ್ತು. ಬಟ್ಟೆಯಿಂದ, ಹಲ್ಲುಜ್ಜುವ ಬ್ರಷ್ಷಿನಿಂದ ಎಷ್ಟು ಉಜ್ಜಿದರೂ ಒಂದು ಕೆಂಪು ಛಾಯೆ ಉಳಿದೇ ಹೋಯಿತು. ಬೈದಿದ್ದರೆ ಚೆನ್ನಾಗಿತ್ತು. "ಪರ್ವಾಗಿಲ್ಲ ಬಿಡಿ ಅಜ್ಜಿ," ಅಂದಳು. ಆ ಮಾತೇ ಭಾನುವಾರದ ತನಕ ನನ್ನ ನಿದ್ದೆ ಕೆಡಿಸಿತು. ಮಗು ಸೋತರೆ ನನ್ನ ಬೆರಳಿನಿಂದ ಸೋತಂತೆ.

ಭಾನುವಾರ ನಾನೂ ಹೋದೆ. ನೆಲದಡಿಯ ಉದ್ದನೆ ಕೋಣೆ, ಕಿವಿಗೆ ದಪ್ಪ ಮುಚ್ಚಳ. ಹೊಸ ಸೈಟ್ ಸರಿಯಿದೆಯೇ ನೋಡಲು ಮಾನಸ ಮೊದಲು ಹೊಡೆದ ಗುಂಡುಗಳೆಲ್ಲ ಎಡಕ್ಕೆ ಹೋದವು. ಕ್ಲಬ್ಬಿನಲ್ಲಿ ಕಲಿಸುವ ಗುನ್ನಾರ್ ಬಂದು ಸ್ಕ್ರೂ ತಿರುಗಿಸಿದರು. ಆಮೇಲೆ ಮುಂದಿನ ಉಬ್ಬಿನ ಕೆಂಪು ಕಂಡು ಮಾನಸನನ್ನು ಏನೋ ಕೇಳಿದರು. ಅವಳು ನನ್ನ ಕಡೆ ಕೈ ತೋರಿಸಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಪಿಸ್ತೂಲು ಖಾಲಿ ಮಾಡಿಸಿ ಪಕ್ಕದ ಕೋಣೆಗೆ ಒಯ್ದು, ಹೊಗೆಯಾಡುವ ಪುಟ್ಟ ದೀಪಕ್ಕೆ ಆ ಉಬ್ಬನ್ನು ಹಿಡಿದರು. ಮಸಿ ಕೂತು ಕೆಂಪೆಲ್ಲ ಮುಚ್ಚಿಹೋಯಿತು. ನಾವು ಮಗುವಿಗೆ ಕಾಡಿಗೆ ಕಟ್ಟುವುದೂ ಹೀಗೇ. ಇಲ್ಲಿ ಹೊಳಪು ಕಾಣಬಾರದೆಂದು ಎಲ್ಲರೂ ಮಾಡುವುದೇ ಅಂತೆ.

"ಮುಂದಿನ ಸಲ ಕಪ್ಪು ಕುಂಕುಮ ತರ್ಬೇಕಂತೆ ಅಜ್ಜಿ," ಅಂದಳು ಮಾನಸ. ಗುನ್ನಾರ್ ಮುಖದಲ್ಲಿ ಗೇಲಿಯ ನಗುವೇ ಇರಲಿಲ್ಲ, ಅದಕ್ಕೇ ನನಗೆ ಸ್ವಲ್ಪ ಧೈರ್ಯ ಬಂತು.

ಅಷ್ಟು ದೂರ ಹೋಗಿ ಅವಳು ಹೊಡೆಯುವುದನ್ನು ನೋಡಿದಿರಾ ಅಂದರೆ ಇಲ್ಲ. ಕಣ್ಣು ಮುಚ್ಚಿ ಮನೆದೇವರನ್ನು ಕಾಡುತ್ತಿದ್ದೆ, ಎರಡೂ ಕಣ್ಣು. ಪಕ್ಕದವರು ಭುಜ ತಟ್ಟಿದಾಗ ಕಣ್ಣು ಬಿಟ್ಟೆ. ತಂಡದ ಹೆಸರು ಓದುತ್ತಿದ್ದರು. ಕಟ್ಟಕಡೆಯ ಹೆಸರು ನಮ್ಮ ಹುಡುಗಿಯದು. ನಾನು ಅತ್ತಿದ್ದು ನೋಡಿ ಯಾರೋ ಕಾಫಿ ತಂದುಕೊಟ್ಟರು.

ವಾಪಸು ರೈಲಿನಲ್ಲಿ ಕೇಳಿದೆ, "ಅಷ್ಟು ದೂರದ ಗುರಿಯ ಹಾಳೆ ನಿಂಗೆ ಚೆನ್ನಾಗಿ ಕಾಣ್ಸುತ್ತೇನೇ?"

"ಇಲ್ಲ ಅಜ್ಜಿ. ಕಾಣ್ಲೂ ಬಾರ್ದು. ಕಣ್ಣು ಮುಂದಿನ ಸೈಟ್ ಮೇಲಿರ್ಬೇಕು. ಹಾಳೆ ಮಸುಕಾಗೇ ಇರ್ಬೇಕು."

"ಮಸುಕಾಗಿರೋದಕ್ಕೆ ಹೇಗೆ ಹೊಡೀತೀಯ?"

"ಹಂಗೇ ಹೊಡೆಯೋದು."

ನಾನು ಜೀವಮಾನವೆಲ್ಲ ದೂರದ ಹಾಳೆಯನ್ನೇ ಕಣ್ಣು ಕಿರಿದು ಮಾಡಿ ನೋಡಿದವಳು. ಇವಳ ಮದುವೆ ಯಾರ ಜೊತೆಯೋ, ಇವಳ ಮಕ್ಕಳು ಕನ್ನಡ ಆಡುತ್ತಾರೋ ಇಲ್ಲವೋ, ಆಗ ನಾನಿರುತ್ತೇನೋ ಇಲ್ಲವೋ. ಎದುರು ಸೀಟಿನಲ್ಲಿ ಅವಳು ದಾಲ್ಚಿನ್ನಿ ಬನ್ನು ತಿನ್ನುತ್ತಿದ್ದಳು, ತುಟಿಯ ಮೇಲೆ ಸಕ್ಕರೆ. ಅದು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ಮಾಲ್ಮೋದಲ್ಲಿ ಸಮುದ್ರದ ಗಾಳಿ ಜಾಸ್ತಿಯಂತೆ, ದಪ್ಪ ಸ್ವೆಟರ್ ಇದೆಯೇನೇ ಅಂತ ಕೇಳಲು ಬಾಯಿ ತೆರೆದೆ. ಮತ್ತೆ ಮುಚ್ಚಿಕೊಂಡೆ. ಮಾಲ್ಮೋ ಇನ್ನೂ ದೂರ ಇತ್ತು.