ಆರು ಹಲಗೆಯ ದೋಣಿ

ಬೂತಾಯಿ ಮೀನಿನ ಎಣ್ಣೆಯ ವಾಸನೆ ನನಗೆ ಇಷ್ಟ. ಹೀಗೆಂದರೆ ಮಣಿಪಾಲದ ನಮ್ಮ ಫ್ಲ್ಯಾಟಿನ ನೆರೆಯವರು ಮೂಗು ಮುರಿಯುತ್ತಾರೆ, ಮುರಿಯಲಿ. ಮೊನ್ನೆ ಕ್ಯಾನಿನ ಮುಚ್ಚಳ ತೆಗೆದದ್ದೇ ತಡ, ವಾಸನೆ ಮೆಟ್ಟಿಲಿಳಿದು ಗೇಟಿನವರೆಗೂ ಹೋಯಿತು. ನನಗಾದರೋ ಕೆಮ್ಮಣ್ಣಿನ ನಮ್ಮ ಹಳೆಯ ಮನೆ, ಮನೆಯ ಹಿಂದಿನ ಹೊಳೆ, ದಡದಲ್ಲಿ ಮಗ್ಗುಲಾಗಿ ಒರಗಿಸಿದ ದೋಣಿ, ಅದರ ಸುತ್ತ ಮೊಣಕೈವರೆಗೆ ಎಣ್ಣೆ ಮೆತ್ತಿಕೊಂಡ ನಮ್ಮವರು, ಎಲ್ಲ ಒಟ್ಟಿಗೇ ಕಣ್ಣೆದುರು ಬಂದವು. ನಿಮಗೂ ಇಂಥದೊಂದು ವಾಸನೆ ಇದ್ದರೆ ನಾನು ಹೇಳುವುದು ಅರ್ಥವಾಗುತ್ತದೆ.

ದೋಣಿ ಮಾಮಿಯದು. ಮಾಮಿ ಎಂದರೆ ಅಪ್ಪನ ಅಕ್ಕ, ಮದುವೆಯಾದ ವರ್ಷವೇ ಗಂಡನ ಮನೆ ಸಾಕೆಂದು ತವರಿಗೆ ಬಂದು ನಿಂತವಳು. ಹೊಳೆಯಲ್ಲಿ ದೋಣಿ ನಿಲ್ಲಿಸಿ ಸೊಂಟದವರೆಗಿನ ನೀರಿಗಿಳಿದು ಮರುವಾಯಿ ಚಿಪ್ಪು ಬಾಚುತ್ತಿದ್ದಳು. ಹೆಂಗಸು ದೋಣಿ ನಡೆಸುವುದುಂಟಾ ಎಂದು ಯಾರೋ ಕೇಳಿದ್ದಕ್ಕೆ, "ನಾನು ಹೆಂಗಸೆಂದು ದೋಣಿಗೆ ಗೊತ್ತುಂಟಾ?" ಎಂದು ಹುಟ್ಟು ಹಾಕಿಕೊಂಡು ಹೋಗಿಯೇಬಿಟ್ಟಿದ್ದಳು. ಮಳೆ ಬಿಟ್ಟು ಬಿಸಿಲು ಗಟ್ಟಿಯಾದ ಮೇಲೆ ದೋಣಿಯನ್ನು ದಡಕ್ಕೆಳೆದು ತೆಂಗಿನ ಕೊರಡಿನ ಮೇಲೆ ವಾಲಿಸುತ್ತಿದ್ದೆವು. ಪಾಚಿಯನ್ನೂ ಅಂಟಿಕೊಂಡ ಚಿಪ್ಪುಗಳನ್ನೂ ತೆಂಗಿನ ಗೆರಟೆಯ ಚೂರಿನಿಂದ ಕೆರೆದು, ನೆರಳಲ್ಲಿ ಒಣಗಲು ಬಿಟ್ಟು, ಸಂದುಗಳಿಗೆ ಹತ್ತಿ ತುರುಕಿ, ಆಮೇಲೆ ಹಳೆಯ ಸೀರೆಯ ತುಂಡಿನಿಂದ ಎಣ್ಣೆ ತಿಕ್ಕುವುದು. ಮರ ಮೊದಲು ಗಟಗಟ ಕುಡಿಯುತ್ತಿತ್ತು. ಆಮೇಲೆ ನಿಧಾನವಾಗಿ ಕಪ್ಪಾಗಿ, ಸ್ನಾನ ಮಾಡಿಸಿದ ಎಮ್ಮೆಯ ಹಾಗೆ ಮಿರುಗುತ್ತಿತ್ತು.

ಎಡಕ್ಕೆ ಮೂರು, ಬಲಕ್ಕೆ ಮೂರು ಹಲಗೆ. ಮನೆಯಲ್ಲಿ ನಾವೂ ಆರು ಜನ. ಒಬ್ಬೊಬ್ಬರಿಗೆ ಒಂದೊಂದು ಹಲಗೆಯೆಂದು ಮಾಮಿಯೇ ಹಂಚಿದ್ದಳು. ಮೇಲಿನ ಎರಡು ಅಜ್ಜಿಗೂ ಅವಳಿಗೂ, ನಡುವಿನವು ಅಪ್ಪ ಅಮ್ಮನಿಗೆ, ಅಡಿಯವು ನನಗೂ ತಮ್ಮ ಸುಧಾಕರನಿಗೂ. ಅವರವರ ಹಲಗೆಗೆ ಅವರವರೇ ಎಣ್ಣೆ ಹಚ್ಚಬೇಕು. ಜ್ವರ ಬಂದರೂ ಎದ್ದು ಬಂದು ಒಂದು ಕೈ ಎಳೆದು ಹೋಗಬೇಕು. ಸುಧಾಕರ ಆಗ ಎಷ್ಟು ಚಿಕ್ಕವನೆಂದರೆ ಹಲಗೆಗಿಂತ ಹೊಟ್ಟೆಗೇ ಹೆಚ್ಚು ಎಣ್ಣೆ ಬಳಿದುಕೊಳ್ಳುತ್ತಿದ್ದ.

ಅಪ್ಪ ಮಸ್ಕತ್ತಿಗೆ ಹೋದ ವರ್ಷ ಅವರ ಹಲಗೆ ಹಾಗೇ ಉಳಿಯಿತು. ಐದು ಹಲಗೆಗಳ ನಡುವೆ ಅದೊಂದು ಬೂದಿ ಬಣ್ಣಕ್ಕೆ ತಿರುಗಿ ಸೀಳು ಬಿಡತೊಡಗಿತು. ಅಜ್ಜಿಗೆ ನೋಡಲಾಗಲಿಲ್ಲ, ಯಾರಾದರೂ ಹಚ್ಚಿಬಿಡಿ ಎಂದು ಗೋಗರೆದರು. ಮಾಮಿ ಎಣ್ಣೆಯ ಡಬ್ಬವನ್ನೇ ಎತ್ತಿ ಕಂಕುಳಲ್ಲಿಟ್ಟುಕೊಂಡಳು. "ಸತ್ತವರ ಹಲಗೆಗೆ ನಾವು ಹಚ್ಚುವುದು. ಅವನು ಉಂಟಲ್ಲ, ಬರ್ತಾನೆ, ಹಚ್ತಾನೆ." ಆ ವರ್ಷವಿಡೀ ಅವಳು ಸೋರುವ ದೋಣಿಯಲ್ಲೇ ಮರುವಾಯಿಗೆ ಹೋದಳು. ರಜೆಯಲ್ಲಿ ಬಂದ ಅಪ್ಪ ಸೂಟ್‌ಕೇಸ್ ಬಿಚ್ಚುವ ಮೊದಲೇ ಪ್ಯಾಂಟು ಮಡಚಿ ಹೊಳೆಬದಿಗೆ ಹೋದದ್ದನ್ನು ನೋಡಿ ನನಗೆ ಅಳು ಬಂದಿತ್ತು.

ಈಗ ಅಜ್ಜಿ ಇಲ್ಲ, ಅಪ್ಪ ಅಮ್ಮ ಇಲ್ಲ, ಎಲ್ಲರಿಗಿಂತ ಕೊನೆಗೆ ಮಾಮಿಯೂ ಹೋದಳು. ಮನೆ ಸುಧಾಕರನ ಪಾಲಿಗೆ ಬಂತು. ಅವನು ಅದನ್ನು ಕೆಡವಿ ಹೋಂಸ್ಟೇ ಕಟ್ಟಿಸಿದ. ಅದಕ್ಕೆ ನಾನು ಮಾತಾಡಲಿಲ್ಲ, ಗೋಡೆಗೆ ಗೆದ್ದಲು ಹಿಡಿದದ್ದು ನಿಜ. ಆದರೆ ದೋಣಿಗೆ ನೀಲಿ ಪೇಂಟು ಬಳಿಸಿ ಗೇಟಿನ ಪಕ್ಕ ಇಟ್ಟದ್ದನ್ನು ಕಂಡಾಗ ನನ್ನ ಮೈ ಉರಿಯಿತು. "ನಾಲ್ಕು ತೂತು ಕೊರೆದು ಮಣ್ಣು ತುಂಬಿಸ್ತೇನೆ ಅಕ್ಕ. ಹೂವಿನ ಗಿಡ ಹಾಕಿದರೆ ಚಂದ ಕಾಣ್ತದೆ, ಬಂದವರು ಫೋಟೋ ತೆಗೀತಾರೆ" ಎಂದ. ಡ್ರಿಲ್ಲಿಂಗ್ ಮೆಷಿನ್ ಆಗಲೇ ಜಗಲಿಯಲ್ಲಿತ್ತು. "ಕೊರೆಯುವುದಾದರೆ ಮೊದಲು ನನ್ನ ತಲೆಗೆ ಕೊರೆ" ಎಂದೆ. ನೆರೆಮನೆಯ ಲಿಲ್ಲಿ ಬಾಯಿಯ ತೆಂಗಿನ ತೋಟಕ್ಕೆ ಅಂದೇ ಸಂಜೆ ದೋಣಿ ಸಾಗಿಸಿದೆ. ಅವನು ತಡೆಯಲಿಲ್ಲ, ನಗುತ್ತಾ ನಿಂತಿದ್ದ.

ಆಮೇಲಿನ ಭಾನುವಾರಗಳೆಲ್ಲ ಕೆರೆಯುವುದರಲ್ಲೇ ಕಳೆದವು. ಪೇಂಟಿನಡಿ ನೀರು ಕೂತು ಮರ ಅಲ್ಲಲ್ಲಿ ಮೆತ್ತಗಾಗಿತ್ತು. ಮೆಷಿನ್ ತರಿಸಿಕೊಡಲೇ ಎಂದು ಕೇಳಿದವರಿದ್ದರು, ಬೇಡವೆಂದೆ. ಗೆರಟೆಯಿಂದ ಕೆರೆದರೆ ಬಣ್ಣ ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಎಂದು ಬೆರಳಿಗೇ ತಿಳಿಯುತ್ತದೆ. ನಡುಹಲಗೆಯ ನೀಲಿಯಡಿ ಅಪ್ಪನ ಹಲಗೆಯ ಹಳೆಯ ಸೀಳು ಸಿಕ್ಕಿದಾಗ ಅದರ ಉದ್ದಕ್ಕೂ ಬೆರಳೆಳೆದು ನೋಡಿದೆ. ಐದು ಹಲಗೆ ಮುಗಿಸಿ ಸುಧಾಕರನಿಗೆ ಫೋನ್ ಮಾಡಿದೆ, ನಿನ್ನದು ಹಾಗೇ ಉಂಟು, ಬಂದು ಕೆರೆದು ಎಣ್ಣೆ ಹಚ್ಚಿ ಹೋಗು ಎಂದು. "ಅದಕ್ಕೂ ನೀನೇ ಹಚ್ಚಿಬಿಡು ಅಕ್ಕ, ನನಗೆಲ್ಲಿ ಪುರುಸೊತ್ತು?" ಎಂದ. ಹಚ್ಚುವುದಿಲ್ಲ ಎಂದು ಫೋನಿಟ್ಟೆ. ಮತ್ತೆರಡು ಭಾನುವಾರ ಕಾದೆ. ಬರಲಿಲ್ಲ.

ನಿನ್ನೆ ನಾನೂ ಲಿಲ್ಲಿ ಬಾಯಿಯೂ ದೋಣಿಯನ್ನು ನೀರಿಗೆ ನೂಕಿದೆವು. ಐದು ಹಲಗೆ ಕಪ್ಪು, ಅಡಿಯದೊಂದು ನೀಲಿ. ಹೊಳೆಯ ನಡುವಿಗೆ ಬರುವಷ್ಟರಲ್ಲಿ ಆ ನೀಲಿ ಹಲಗೆಯ ಸಂದಿನಿಂದ ನೀರು ಒಳಗೆ ಬಂದು ನಮ್ಮ ಪಾದ ಮುಳುಗಿಸಿತು. "ಅದಕ್ಕೂ ಒಂದು ಕೈ ಎಣ್ಣೆ ಎಳೆದಿದ್ದರೆ ಎಂತ ಆಗ್ತಿತ್ತು ನಿನಗೆ?" ಎಂದು ಲಿಲ್ಲಿ ಬಾಯಿ ಗದರಿದಳು. ಅಜ್ಜಿಯದಕ್ಕೆ, ಅಪ್ಪನದಕ್ಕೆ, ಅಮ್ಮನದಕ್ಕೆ, ಮಾಮಿಯದಕ್ಕೆ ನಾನೇ ಹಚ್ಚಿದ್ದೆ, ಇನ್ನು ಅವರು ಬರುವುದಿಲ್ಲವೆಂದು ಗೊತ್ತಿದ್ದೇ ಹಚ್ಚಿದ್ದೆ. "ಅದು ಸುಧಾಕರನದು. ಅವನು ಉಂಟಲ್ಲ" ಎಂದೆ. ಚೊಂಬು ಎತ್ತಿಕೊಂಡು ನೀರು ಮೊಗೆದು ಮೊಗೆದು ಹೊರಗೆ ಚೆಲ್ಲಿದೆ.